ಮನೆಯ ವೈದ್ಯರೂ ಮುಪ್ಪಿನ ಮರೆವೂ

“ಅರವತ್ತಕ್ಕೆ ಅರಳುಮರಳು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಬೇಂದ್ರೆಯವರು ‘ಅರಳು ಮರಳು’ ಎಂಬುದನ್ನೇ ತಮ್ಮ ಕವನಸಂಗ್ರಹಕ್ಕೆ ಹೆಸರಾಗಿಟ್ಟು 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದರು. ಮರಳಿ ಅರಳುವುದೆಂಬ ಅರ್ಥವೂ ಆ ಮಾತಿನಲ್ಲಿ ಅಡಗಿದೆ. ಆದರೆ ನಮ್ಮ ಮನೆಗಳಲ್ಲಿ ಆ ಗಾದೆಯು ಬಳಕೆಯಾಗುವುದು ಬೇರೆ ಅರ್ಥದಲ್ಲಿ. ಮನೆಯ ಹಿರಿಯರು ಹೇಳಿದ್ದನ್ನೇ ಹೇಳತೊಡಗಿದರೆ, ಇಟ್ಟ ವಸ್ತುವನ್ನು ಮರೆತರೆ, ಪರಿಚಿತರ ಹೆಸರು ತೋಚದೆ ತಡವರಿಸಿದರೆ, “ವಯಸ್ಸಾಯಿತು, ಇನ್ನೇನು” ಎಂದು ನಕ್ಕು ಸುಮ್ಮನಾಗುತ್ತೇವೆ. ಜ್ವರ ಬಂದರೆ ವೈದ್ಯರಲ್ಲಿಗೆ ಓಡುವ ನಾವು ಬುದ್ಧಿ ಮಂಕಾದಾಗ ಓಡುವುದಿಲ್ಲ. ಹೀಗೆ ಸುಮ್ಮನಾದುದರಿಂದ ನಮ್ಮ ಕುಟುಂಬದಲ್ಲಿಯೇ ಆದ ಒಂದು ಅನ್ಯಾಯವನ್ನು ಮೊದಲು ಹೇಳಿ, ಬಳಿಕ ವಿಷಯಕ್ಕೆ ಬರುತ್ತೇವೆ.

ನಮ್ಮ ಸೋದರತ್ತೆಯವರು ಯಲಹಂಕದ ಹಳೆಯ ಪೇಟೆಯಲ್ಲಿ ನಲವತ್ತು ವರ್ಷ ಸಂಸಾರ ಮಾಡಿದವರು. ಹಾಲಿನವನ ಲೆಕ್ಕದಿಂದ ಹಿಡಿದು ಮಕ್ಕಳ ಶಾಲೆಯ ಶುಲ್ಕದವರೆಗೆ ಎಲ್ಲವನ್ನೂ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟು, ತಿಂಗಳ ಕೊನೆಗೆ ಒಂದು ರೂಪಾಯಿ ತಪ್ಪದಂತೆ ಕೂಡಿಸುತ್ತಿದ್ದ ಗೃಹಿಣಿ. ಎಪ್ಪತ್ತು ದಾಟಿದ ಮೇಲೆ ಸಾರಿಗೆ ಎರಡು ಸಲ ಉಪ್ಪು ಬೀಳತೊಡಗಿತು. ಒಂದೇ ಪ್ರಶ್ನೆಯನ್ನು ಗಳಿಗೆಗೊಮ್ಮೆ ಕೇಳತೊಡಗಿದರು. ಲೆಕ್ಕದ ಪುಸ್ತಕದಲ್ಲಿ ಒಂದೇ ದಿನದ ಹಾಲು ಮೂರು ಸಲ ಬರೆದಿರುತ್ತಿತ್ತು. ನಾವೆಲ್ಲರೂ ಗಾದೆಯನ್ನು ಹೇಳಿ ನಕ್ಕೆವು.

ಹೀಗಿರಲು ಒಂದು ದಿನ ಅತ್ತೆಯವರ ಎರಡು ಚಿನ್ನದ ಬಳೆಗಳು ಕಾಣದಾದುವು. ಹನ್ನೊಂದು ವರ್ಷದಿಂದ ಮನೆಗೆಲಸ ಮಾಡುತ್ತಿದ್ದಾಕೆಯೇ ಕದ್ದಳೆಂದು ಅತ್ತೆಯವರು ನಿಸ್ಸಂದೇಹವಾಗಿ ಹೇಳಿದರು. ತೆಗೆದುದನ್ನು ಕಣ್ಣಾರೆ ಕಂಡೆನೆಂದೂ ಹೇಳಿದರು. ಜೀವಮಾನದಲ್ಲಿ ಸುಳ್ಳಾಡದ ಹಿರಿಯರ ಮಾತನ್ನು ನಾವು ಹೇಗೆ ಅನುಮಾನಿಸುವುದು? ಆ ಹೆಂಗಸು ದೇವರ ಮೇಲೆ ಆಣೆಯಿಟ್ಟಳು, ಅತ್ತಳು, ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟುಹೋದಳು. ಸುದ್ದಿಯು ಬೀದಿಯಲ್ಲಿ ಹರಡಿ, ಆಕೆಗೆ ಇನ್ನೆರಡು ಮನೆಗಳ ಕೆಲಸವೂ ತಪ್ಪಿತು. ಮೂರು ವಾರಗಳ ಮೇಲೆ ಅಕ್ಕಿಯ ಡಬ್ಬದ ತಳದಲ್ಲಿ, ಹಳೆಯ ರವಿಕೆಯ ಬಟ್ಟೆಯಲ್ಲಿ ಗಂಟುಕಟ್ಟಿದ್ದ ಬಳೆಗಳು ದೊರೆತುವು. ಗಂಟು ಹಾಕಿದ ಕೈ ಯಾರದೆಂಬುದನ್ನು ಕೇಳಬೇಕಾಗಿರಲಿಲ್ಲ.

ಆ ಸಂಜೆ ನಾವು ನಮ್ಮ ಮನೆಯ ವೈದ್ಯರಲ್ಲಿಗೆ ಹೋದೆವು. ಅವರು ಇಪ್ಪತ್ತು ವರ್ಷದಿಂದ ಅತ್ತೆಯವರ ರಕ್ತದೊತ್ತಡವನ್ನು ನೋಡುತ್ತಿದ್ದವರು. ಎಲ್ಲವನ್ನೂ ಕೇಳಿ ಅವರು ಮೊದಲು ಹೇಳಿದ ಮಾತು ಇದು: “ಹೋದೆರಡು ಸಲ ಬಂದಾಗ ಅಮ್ಮನವರ ಮಾತ್ರೆಯ ಲೆಕ್ಕ ಸರಿಹೊಂದಿರಲಿಲ್ಲ. ಅದನ್ನು ಕಂಡೂ ನಾನು ಮುಂದಕ್ಕೆ ವಿಚಾರಿಸಲಿಲ್ಲ. ತಪ್ಪು ನನ್ನದೂ ಇದೆ.” ಮನೆಯ ವೈದ್ಯರಿಂದ ಏನು ಸಾಧ್ಯವೆಂಬುದನ್ನು ನಾವು ಕಲಿತದ್ದು ಆ ದಿನದಿಂದಲೇ.

ಮರುದಿನ ಅವರು ಅತ್ತೆಯವರನ್ನು ಒಬ್ಬರನ್ನೇ ಒಳಗೆ ಕೂರಿಸಿಕೊಂಡು ಮಾತನಾಡಿಸಿದರು. ನಮ್ಮನ್ನು ಬೇರೆಯಾಗಿ ಕೇಳಿದರು. ಇದಕ್ಕೆ ಕಾರಣವುಂಟು. ರೋಗಿಗೆ ತನ್ನ ಮರೆವೇ ಮರೆತಿರುತ್ತದೆ. ಮನೆಯವರು ಅವರ ಮುಂದೆಯೇ ದೋಷಗಳನ್ನು ಎಣಿಸಿದರೆ ಮಾನಕ್ಕೆ ಪೆಟ್ಟಾಗುತ್ತದೆ. ಬಳಿಕ ಮಾವನವರನ್ನೂ ಕೂರಿಸಿಕೊಂಡು ಪರೀಕ್ಷೆಗೆ ತೊಡಗಿದರು. “ಅಮ್ಮಾ, ಇವತ್ತು ಯಾವ ವಾರ?” ಎಂದರೆ, “ವಾರ ತಿಳಿದುಕೊಂಡು ನನಗೇನಾಗಬೇಕು ಡಾಕ್ಟರೇ, ಎಲ್ಲಾ ದಿನವೂ ಒಂದೇ” ಎಂದು ಅತ್ತೆಯವರು ನಕ್ಕರು. ನಮಗೂ ನಗು ಬಂತು; ವೈದ್ಯರು ನಗಲಿಲ್ಲ. ಒಂದೊಂದು ಪ್ರಶ್ನೆಗೂ ಅತ್ತೆಯವರು ಮಾವನವರ ಮುಖವನ್ನು ನೋಡುತ್ತಿದ್ದುದನ್ನು ಅವರು ಗುರುತು ಹಾಕಿಕೊಂಡರು. ಮೂರು ವಸ್ತುಗಳ ಹೆಸರು ಹೇಳಿ, ಸ್ವಲ್ಪ ಹೊತ್ತಾದ ಮೇಲೆ ಕೇಳಿದರೆ ಒಂದೂ ನೆನಪಿರಲಿಲ್ಲ. ಗಡಿಯಾರದ ಚಿತ್ರ ಬರೆಯಲು ಹೇಳಿದರೆ ಅಂಕಿಗಳೆಲ್ಲವೂ ಒಂದೇ ಕಡೆಗೆ ಸೇರಿದುವು. ನೂರರಿಂದ ಏಳು ಕಳೆಯಿರೆಂದಾಗ, ಜನ್ಮವೆಲ್ಲಾ ಲೆಕ್ಕ ಬರೆದ ಕೈ ಸುಮ್ಮನೆ ಮಡಿಲಲ್ಲಿ ಬಿದ್ದಿತ್ತು.

ಇಂತಹ ಪರೀಕ್ಷೆಗಳಲ್ಲಿ ಹೆಸರಾದುದು 1975ರಲ್ಲಿ ಅಮೆರಿಕೆಯ ಫೋಲ್‌ಸ್ಟೀನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಮೂವತ್ತು ಅಂಕಗಳ ಪರೀಕ್ಷೆ. ಆದರೆ ಅದು ಓದುಬರಹ ಬಲ್ಲವರಿಗೆ ಮಾಡಿದುದು. ಶಾಲೆಯ ಮುಖವನ್ನೇ ಕಾಣದ ನಮ್ಮ ಅಜ್ಜಿಯರು ಅದರಲ್ಲಿ ತಪ್ಪಿದರೆ ಅದು ರೋಗವಲ್ಲ, ಅಕ್ಷರದ ಕೊರತೆ. ಆದುದರಿಂದ ಹರಿಯಾಣದ ಬಲ್ಲಭಗಢದಲ್ಲಿ ಅಧ್ಯಯನ ಮಾಡಿದವರು ಓದುಬರಹವಿಲ್ಲದವರಿಗೂ ಒಪ್ಪುವ ಹಿಂದೀ ಪರೀಕ್ಷೆಯೊಂದನ್ನು ರಚಿಸಿದರು. ನಮ್ಮ ಊರುಗಳ ಜಾಣ ವೈದ್ಯರು ಈ ಮರ್ಮವನ್ನು ಬಲ್ಲರು. ತಾರೀಖಿಗೆ ಬದಲಾಗಿ ಈಚೆಗೆ ಕಳೆದ ಹಬ್ಬ ಯಾವುದೆಂದು ಕೇಳುತ್ತಾರೆ. ಕೂಡಿಸಿ ಕಳೆಯುವುದಕ್ಕೆ ಬದಲಾಗಿ ಸಂತೆಯಲ್ಲಿ ಚಿಲ್ಲರೆ ತೆಗೆದುಕೊಳ್ಳುವ ಬಗೆಯನ್ನು ವಿಚಾರಿಸುತ್ತಾರೆ. ಎಲ್ಲಕ್ಕಿಂತಲೂ ಮುಖ್ಯವಾಗಿ, ಈ ವ್ಯಕ್ತಿಯು ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ ಎಂಬುದನ್ನು ತೂಗುತ್ತಾರೆ. ಈ ತಕ್ಕಡಿಯು ದೊಡ್ಡ ಆಸ್ಪತ್ರೆಯ ಹೊಸ ವೈದ್ಯರಲ್ಲಿ ಇರುವುದಿಲ್ಲ. ಇಪ್ಪತ್ತು ವರ್ಷ ನಾಡಿ ಹಿಡಿದವರಲ್ಲಿ ಮಾತ್ರ ಇರುತ್ತದೆ.

ಪರೀಕ್ಷೆಯಾದ ಕೂಡಲೆ ರೋಗದ ಹೆಸರು ಹೇಳಿಬಿಡುವುದು ವಿವೇಕವಲ್ಲ. ಮರೆವನ್ನು ತರುವ, ಆದರೆ ಚಿಕಿತ್ಸೆಗೆ ಬಗ್ಗುವ ಕಾರಣಗಳು ಹಲವಿವೆ. ಥೈರಾಯಿಡ್ ಗ್ರಂಥಿಯ ಕೆಲಸ ಕುಂದಿದರೆ ಬುದ್ಧಿ ಜಡವಾಗುತ್ತದೆ. ಮಾಂಸಾಹಾರವಿಲ್ಲದ, ಹಾಲುಮೊಸರೂ ಕಡಿಮೆಯಾದ ಮನೆಗಳಲ್ಲಿ ಬಿ-12 ಜೀವಸತ್ವದ ಕೊರತೆ ಸಾಮಾನ್ಯ. ಮನಸ್ಸಿನ ಖಿನ್ನತೆಯು ಮರೆವಿನ ವೇಷವನ್ನು ಹಾಕಿಕೊಂಡು ಬರುತ್ತದೆ. ಕಿವಿ ಕೇಳದವರನ್ನು ಬುದ್ಧಿ ತಪ್ಪಿದವರೆಂದು ಎಣಿಸುವುದುಂಟು. ಜಾರಿಬಿದ್ದು ತಲೆಗೆ ಪೆಟ್ಟಾದ ಕೆಲವು ವಾರಗಳ ಮೇಲೆ ಮೆದುಳಿನ ಹೊರಪದರದಲ್ಲಿ ರಕ್ತ ಕಟ್ಟಿಕೊಂಡು ಮಂಕು ಕವಿಯಬಹುದು. ನಿದ್ರೆಯ ಮಾತ್ರೆ, ಕೆಲವು ನೆಗಡಿಯ ಮಾತ್ರೆ, ಮೂತ್ರ ತಡೆಯಲು ಕೊಡುವ ಕೆಲವು ಔಷಧಗಳು ವೃದ್ಧರ ನೆನಪನ್ನು ಕೆಡಿಸುತ್ತವೆ. ಆದಕಾರಣ ವೈದ್ಯರು ಮನೆಯಲ್ಲಿರುವ ಔಷಧಗಳನ್ನೆಲ್ಲಾ ಒಂದು ಚೀಲದಲ್ಲಿ ಹಾಕಿ ತರಹೇಳುತ್ತಾರೆ. ರಕ್ತದ ಪರೀಕ್ಷೆಗಳನ್ನೂ, ಅವಶ್ಯವಿದ್ದರೆ ಮೆದುಳಿನ ಸ್ಕ್ಯಾನನ್ನೂ ಬರೆದುಕೊಡುತ್ತಾರೆ.

ನಮ್ಮ ಅತ್ತೆಯವರ ಚೀಲದಲ್ಲಿ, ಯಾರೋ ನೆಂಟರ ಸಲಹೆಯಂತೆ ಔಷಧದ ಅಂಗಡಿಯಿಂದ ತಂದು ನುಂಗುತ್ತಿದ್ದ ನಿದ್ರೆಯ ಮಾತ್ರೆಗಳು ಸಿಕ್ಕಿದುವು. ವೈದ್ಯರು ಅವನ್ನು ಕ್ರಮವಾಗಿ ಕಡಮೆಮಾಡುತ್ತ ನಿಲ್ಲಿಸಿದರು. ರಕ್ತದಲ್ಲಿ ಬಿ-12 ಕಡಿಮೆಯಿತ್ತು. ಅದಕ್ಕೆ ಚುಚ್ಚುಮದ್ದು ಕೊಟ್ಟರು. ಹಗಲಿನ ತೂಕಡಿಕೆ ಬಿಟ್ಟಿತು, ನಡಿಗೆ ಚುರುಕಾಯಿತು. ಆದರೆ ನೆನಪು ಮರಳಲಿಲ್ಲ. ಒಂದು ಸಲ ನರರೋಗತಜ್ಞರಿಗೆ ತೋರಿಸಿದುದಾಯಿತು. ಅವರು ಹೇಳಿದ ಹೆಸರು, ಅಲ್ಜೈಮರ್.

ಈ ಹೆಸರಿನ ಚರಿತ್ರೆಯು ಸಂಕ್ಷೇಪವಾಗಿ ಹೀಗಿದೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ 51 ವರ್ಷದ ಹೆಂಗಸೊಬ್ಬಳು ಬಂದಳು. ಗಂಡನ ಮೇಲೆ ಸಲ್ಲದ ಸಂಶಯ, ವಸ್ತುಗಳನ್ನು ಬಚ್ಚಿಡುವುದು, ಮರೆವು ಇವು ಆಕೆಯ ಲಕ್ಷಣಗಳು. ಆಕೆಯನ್ನು ನೋಡಿದ ವೈದ್ಯರು ಅಲೋಯಿಸ್ ಅಲ್ಜೈಮರ್. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ಕಲೆಗಳನ್ನೂ ಸಿಕ್ಕುಗಟ್ಟಿದ ಎಳೆಗಳನ್ನೂ ಅದೇ ವರ್ಷ ವಿದ್ವಾಂಸರ ಸಭೆಯಲ್ಲಿ ವರ್ಣಿಸಿದರು. 1910ರಲ್ಲಿ ಕ್ರೇಪೆಲಿನ್ ಎಂಬ ಪಂಡಿತರು ತಮ್ಮ ಗ್ರಂಥದಲ್ಲಿ ರೋಗಕ್ಕೆ ಅಲ್ಜೈಮರರ ಹೆಸರನ್ನೇ ಇಟ್ಟರು. ಡಿಮೆನ್ಷಿಯಾ ಎಂಬುದು ಇಡೀ ಕುಟುಂಬದ ಹೆಸರು. ಅಲ್ಜೈಮರ್ ಅದರಲ್ಲಿ ಹಿರಿಯ ಮಗ. ರಕ್ತನಾಳಗಳು ಕಟ್ಟಿಕೊಂಡು ಬರುವುದು ಒಂದು ಬಗೆ. ಇಲ್ಲದ ಮನುಷ್ಯರು ಕಣ್ಣಿಗೆ ಕಂಡು, ಕೈಕಾಲು ಬಿಗಿದು ಬರುವುದು ಮತ್ತೊಂದು. ನೆನಪಿಗಿಂತ ಮೊದಲು ನಡತೆಯೂ ಮಾತೂ ಕೆಡುವುದು ಇನ್ನೊಂದು.

ನಮ್ಮ ದೇಶದಲ್ಲಿ ಇದರ ಹರವು ಎಷ್ಟು? 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದಂತೆ, 60 ವರ್ಷ ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ವ್ಯಾಧಿಯಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಹೆಚ್ಚು. ನರರೋಗತಜ್ಞರಾದರೋ ಬಹುತೇಕ ದೊಡ್ಡ ನಗರಗಳಲ್ಲಿಯೇ ಇದ್ದಾರೆ. ಹಾಗಾದರೆ ಇಷ್ಟು ರೋಗಿಗಳನ್ನು ನೋಡುವವರು ಯಾರು? ಬೀದಿಯ ತಿರುವಿನಲ್ಲಿರುವ ಮನೆಯ ವೈದ್ಯರು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು. ಬೇರೆ ಯಾರೂ ಇಲ್ಲ.

ಈ ಸತ್ಯವನ್ನು ಕಂಡು ಕರ್ನಾಟಕ ಸರಕಾರವೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಸೇರಿ 2022ರ ಜನವರಿಯಲ್ಲಿ ‘ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್’ ಎಂಬ ಕಾರ್ಯವನ್ನು ಆರಂಭಿಸಿದುವು. ಪ್ರಾಥಮಿಕ ಕೇಂದ್ರಗಳ ವೈದ್ಯರಿಗೆ ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಮರೆವಿನ ರೋಗ ಇವುಗಳನ್ನು ಗುರುತಿಸಿ ಚಿಕಿತ್ಸೆಮಾಡುವ ಶಿಕ್ಷಣ ಕೊಡುವುದು, ಕಷ್ಟದ ರೋಗಿಗಳಿಗಾಗಿ ಮೇಲಿನ ಆಸ್ಪತ್ರೆಗಳಲ್ಲಿ ಮೆದುಳಿನ ಚಿಕಿತ್ಸಾಲಯಗಳನ್ನು ತೆರೆಯುವುದು ಇದರ ಕ್ರಮ. ಮೊದಲು ಪ್ರಯೋಗವಾದ ಪ್ರದೇಶಗಳಲ್ಲಿ ಕೋಲಾರವೂ ಚಿಕ್ಕಬಳ್ಳಾಪುರವೂ ಸೇರಿದ್ದುವು; ಯಲಹಂಕದವರಿಗೆ ಚಿಕ್ಕಬಳ್ಳಾಪುರವು ನೆರೆಯ ಊರೇ. ಇನ್ನು ಯಶವಂತಪುರದ ಮಗ್ಗುಲಲ್ಲಿ, ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮೆದುಳು ಸಂಶೋಧನಾ ಕೇಂದ್ರವಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷ ವರ್ಷವೂ ಪರೀಕ್ಷಿಸಿ, ಮುಪ್ಪಿನಲ್ಲಿ ಮೆದುಳು ಹೇಗೆ ಬದಲಾಗುತ್ತದೆಂದು ತಿಳಿಯುವ ಉದ್ದೇಶವನ್ನು ಆ ಕೇಂದ್ರದವರು ಇಟ್ಟುಕೊಂಡಿದ್ದಾರೆ.

ಇನ್ನು ಚಿಕಿತ್ಸೆಯ ವಿಷಯ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಎಂಬ ಔಷಧಗಳು ಬಳಕೆಯಲ್ಲಿವೆ. ಇವು ಕೆಲವರಲ್ಲಿ ಕೆಲಕಾಲ ಸ್ವಲ್ಪ ಉಪಕಾರ ಮಾಡುತ್ತವೆ, ರೋಗವನ್ನು ಕಳೆಯುವುದಿಲ್ಲ. ಸಾವಿರಾರು ರೂಪಾಯಿಗಳ ‘ನೆನಪಿನ ಟಾನಿಕ್’ಗಳಿಗೆ ಮರುಳಾಗಬೇಡಿರೆಂದು ನಮ್ಮ ವೈದ್ಯರು ಸ್ಪಷ್ಟವಾಗಿ ಹೇಳಿದರು. ಗದ್ದಲ ಮಾಡುವ ರೋಗಿಯನ್ನು ಮಂಪರಿನಲ್ಲಿಡುವ ಬಲವಾದ ಮಾನಸಿಕ ಔಷಧಗಳು ವೃದ್ಧರಲ್ಲಿ ಪಾರ್ಶ್ವವಾಯುವಿನ ಹಾಗೂ ಮರಣದ ಭಯವನ್ನು ಹೆಚ್ಚಿಸುತ್ತವೆ; ಬೇರೆ ದಾರಿಯಿಲ್ಲದಾಗ, ಅಲ್ಪ ಪ್ರಮಾಣದಲ್ಲಿ, ಅಲ್ಪಕಾಲ ಮಾತ್ರ ಅವನ್ನು ಕೊಡತಕ್ಕದ್ದು. ಎಂದಿನಂತಿದ್ದ ರೋಗಿಯು ಒಂದೆರಡು ದಿನಗಳಲ್ಲಿ ತಟಕ್ಕನೆ ಕೆಟ್ಟರೆ ಅದು ಮರೆವಿನ ರೋಗದ ಗತಿಯಲ್ಲ. ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದಿರುವುದು, ಹೇಳಿಕೊಳ್ಳಲಾಗದ ನೋವು ಇವುಗಳಲ್ಲಿ ಒಂದನ್ನು ಹುಡುಕಬೇಕು. ಒಮ್ಮೆ ಅತ್ತೆಯವರು ರಾತ್ರಿಯೆಲ್ಲಾ ಕೂಗಾಡಿದಾಗ, ಮರುದಿನ ಬೆಳಗ್ಗೆ ವೈದ್ಯರು ಬಾಯಿ ತೆರೆಸಿ ನೋಡಿದರೆ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು.

ಔಷಧಕ್ಕಿಂತ ಹೆಚ್ಚು ಫಲವನ್ನು ಕೊಟ್ಟುದು ಮನೆಯ ನಡವಳಿಕೆಯಲ್ಲಿ ಅವರು ಮಾಡಿಸಿದ ಬದಲಾವಣೆ. ವಾದ ಮಾಡಬೇಡಿರಿ ಎಂಬುದು ಮೊದಲನೆಯ ಪಥ್ಯ. “ನಿಮ್ಮ ತಾಯಿ ಸತ್ತು ಮೂವತ್ತು ವರ್ಷವಾಯಿತು” ಎಂದು ಪ್ರತಿದಿನವೂ ಹೇಳಿದರೆ ರೋಗಿಯು ಪ್ರತಿದಿನವೂ ಹೊಸದಾಗಿ ದುಃಖಪಡಬೇಕಾಗುತ್ತದೆ, ಅದಕ್ಕೆ ಬದಲು “ನಿಮ್ಮ ತಾಯಿಯವರು ಹೋಳಿಗೆಯನ್ನು ಹೇಗೆ ಮಾಡುತ್ತಿದ್ದರು?” ಎಂದು ಕೇಳಿದರೆ ಮನಸ್ಸು ತಿಳಿಯಾಗುತ್ತದೆ. ಸ್ನಾನ, ಊಟ, ನಿದ್ರೆ ದಿನವೂ ಒಂದೇ ವೇಳೆಗೆ ನಡೆಯಲಿ. ಬಚ್ಚಲಿನ ನೆಲ ಜಾರದಿರಲಿ. ರಾತ್ರಿ ಒಂದು ದೀಪ ಉರಿಯಲಿ. ಗ್ಯಾಸಿನ ಒಲೆಯನ್ನು ಸಿಲಿಂಡರಿನ ಬಳಿಯೇ ಆರಿಸಿಡಿ. ಕೈಯಲ್ಲಿ ಕೆಲಸವಿರಲಿ. ಹೂ ಕಟ್ಟುವುದು, ಬಟ್ಟೆ ಮಡಿಸುವುದು, ಕಾಲದಲ್ಲಿ ಅವರೆಕಾಯಿ ಸುಲಿಯುವುದು ಇವು ಮರೆವಿಗೂ ಸಿಕ್ಕದೆ ಬೆರಳುಗಳಲ್ಲಿ ಉಳಿದಿರುತ್ತವೆ.

ಬಾಗಿಲಿನ ವಿಷಯವನ್ನು ನಾವು ಪೆಟ್ಟು ತಿಂದು ಕಲಿತೆವು. ಒಂದು ಸಂಜೆ ಅತ್ತೆಯವರು ತಮ್ಮ ಮನೆಯಲ್ಲಿಯೇ ಕುಳಿತು “ನಮ್ಮ ಮನೆಗೆ ಹೋಗುತ್ತೇನೆ” ಎನ್ನುತ್ತಿದ್ದರು. ಅರ್ಧ ಗಂಟೆಯ ಮೇಲೆ ನೋಡಿದರೆ ಕಾಣಲಿಲ್ಲ. ಬಳ್ಳಾರಿ ರಸ್ತೆಯ ಆ ವಾಹನಗಳ ಪ್ರವಾಹವನ್ನು ಕಂಡವರು ನಮ್ಮ ಎದೆ ಹೇಗೆ ಹಾರಿತೆಂಬುದನ್ನು ಊಹಿಸಬಲ್ಲರು. ರಾತ್ರಿ ಒಂಬತ್ತಕ್ಕೆ ವೈದ್ಯರಿಂದ ದೂರವಾಣಿ ಬಂತು. ಅತ್ತೆಯವರು ಬಸ್ಸು ಹತ್ತಿ ಹೆಬ್ಬಾಳದಲ್ಲಿಳಿದು ಮೇಲ್ಸೇತುವೆಯ ಬಳಿ ನಿಂತಿದ್ದರಂತೆ; ಕೇಳಿದರೆ ತವರೂರಿನ ಹೆಸರನ್ನು ಮಾತ್ರ ಹೇಳಿದರಂತೆ. ಕೈಚೀಲದಲ್ಲಿದ್ದ ಔಷಧದ ಚೀಟಿಯಲ್ಲಿ ವೈದ್ಯರ ನಂಬರನ್ನು ಕಂಡು ಪೊಲೀಸಿನವರು ಅವರಿಗೆ ತಿಳಿಸಿದ್ದರು. ಅಂದಿನಿಂದ ಸೀರೆಯ ಅಂಚಿನ ಒಳಬದಿಗೆ ದೂರವಾಣಿಯ ಸಂಖ್ಯೆಯನ್ನು ಹೊಲಿದಿಟ್ಟೆವು. ಇಂತಹ ಸಮಯದಲ್ಲಿ ತಡಮಾಡದೆ 112ಕ್ಕೆ ಕರೆಮಾಡಬೇಕು. ವೃದ್ಧರಿಗೆ ಸಂಬಂಧಿಸಿದ ಇತರ ಸಹಾಯಕ್ಕೆ ದೇಶದಾದ್ಯಂತ 14567 ಎಂಬ ಸಂಖ್ಯೆಯಿದೆ. ಬೆಂಗಳೂರಿನಲ್ಲಿಯಂತೂ ನಗರದ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನವರೂ ಸೇರಿ 2002ರಲ್ಲಿಯೇ ಹಿರಿಯರ ಸಹಾಯವಾಣಿಯನ್ನು ಆರಂಭಿಸಿದ್ದರು.

ಹಣಕಾಸಿನ ಮಾತನ್ನೂ ನಮ್ಮ ವೈದ್ಯರು ಮೊದಲೇ ಎತ್ತಿದರು. ಉಯಿಲು, ಬ್ಯಾಂಕಿನ ನಾಮನಿರ್ದೇಶನ, ಪಿಂಚಣಿಯ ಕಾಗದ ಇವುಗಳನ್ನು ತಿಳಿವಳಿಕೆ ಇರುವಾಗಲೇ ಸರಿಪಡಿಸಿಕೊಳ್ಳಬೇಕು. ಅಧಿಕಾರಪತ್ರವೊಂದನ್ನು ಬರೆಸಿಟ್ಟರೆ ಸಾಕೆಂದು ಹಲವರು ತಿಳಿದಿದ್ದಾರೆ. ಕೊಟ್ಟವರ ಬುದ್ಧಿಯ ಸ್ಥಿಮಿತ ತಪ್ಪಿದ ಮೇಲೆ ಅದು ನಮ್ಮ ಕಾನೂನಿನಲ್ಲಿ ಉಳಿಯುವುದಿಲ್ಲ. ಇದನ್ನು ವಕೀಲರಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಮನೆಯ ವೈದ್ಯರ ಹಿರಿಮೆಯು ನಮಗೆ ಚೆನ್ನಾಗಿ ಕಂಡುದು ಮತ್ತೊಂದು ಸಣ್ಣ ಸಂಗತಿಯಲ್ಲಿ. ತಿಂಗಳಿಗೊಮ್ಮೆ ಮನೆಗೆ ಬಂದು ಅತ್ತೆಯವರನ್ನು ನೋಡಿದ ಮೇಲೆ ಅವರು ಸೊಸೆಯ ಕಡೆಗೆ ತಿರುಗಿ, “ನೀವು ನಿದ್ರೆ ಮಾಡಿ ಎಷ್ಟು ದಿನವಾಯಿತಮ್ಮಾ?” ಎಂದು ಕೇಳುತ್ತಿದ್ದರು. ಮೊದಲ ಸಲ ಕೇಳಿದಾಗ ಆಕೆ ಉತ್ತರ ಹೇಳದೆ ಅಡಿಗೆಮನೆಗೆ ಹೋಗಿ ಅತ್ತುಬಿಟ್ಟಳು. ಹಗಲಿರುಳು ಒಬ್ಬಳೇ ಶುಶ್ರೂಷೆ ಮಾಡುತ್ತಿದ್ದಾಕೆಯನ್ನು ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅಂದು ವೈದ್ಯರು ಆಕೆಯ ರಕ್ತದೊತ್ತಡವನ್ನು ನೋಡಿ, ವಾರಕ್ಕೆರಡು ಮಧ್ಯಾಹ್ನ ಆಕೆಗೆ ಬಿಡುವು ಸಿಕ್ಕಬೇಕೆಂದು ಔಷಧದ ಚೀಟಿಯಲ್ಲಿಯೇ ಬರೆದುಕೊಟ್ಟರು. ಆ ಚೀಟಿಯನ್ನು ಮಗನ ಕೈಗೆ ಕೊಟ್ಟರೇ ಹೊರತು ಸೊಸೆಯ ಕೈಗಲ್ಲ. ಮನಸ್ಸು ಬಹಳ ಕುಗ್ಗಿದರೆ 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದೆಂದೂ ತಿಳಿಸಿದರು.

ರೋಗದ ಕೊನೆಯ ಘಟ್ಟದಲ್ಲಿ ನುಂಗುವುದೇ ಕಷ್ಟವಾಗುತ್ತದೆ. ಆಗ ಮೂಗಿನಿಂದ ಕೊಳವೆ ಹಾಕಿ ಆಹಾರ ಕೊಡಬೇಕೆ ಎಂಬ ಪ್ರಶ್ನೆ ಬರುತ್ತದೆ. ಅಂತಹ ಕೊಳವೆಯಿಂದ ಈ ಘಟ್ಟದ ರೋಗಿಗಳ ಆಯುಸ್ಸು ಹೆಚ್ಚುವುದೆಂದು ಕಂಡುಬಂದಿಲ್ಲ. ಕುಳ್ಳಿರಿಸಿ, ಮೆತ್ತನೆಯ ಅನ್ನವನ್ನು ತುತ್ತು ತುತ್ತಾಗಿ ಕೈಯಿಂದ ಉಣಿಸುವುದೇ ಮೇಲು ಎಂಬುದು ತಿಳಿದವರ ಮತ. ಹಾಸಿಗೆಹುಣ್ಣು ಬಾರದಂತೆ ಮಗ್ಗುಲು ಬದಲಿಸುವುದು, ನೋವನ್ನು ಶಮನಮಾಡುವುದು, ವ್ಯರ್ಥವಾಗಿ ಆಸ್ಪತ್ರೆಗೆ ಅಲೆಸದಿರುವುದು, ಇವನ್ನು ಧೈರ್ಯವಾಗಿ ಹೇಳಬಲ್ಲವರು ಮನೆಮಂದಿಯ ವಿಶ್ವಾಸಕ್ಕೆ ಪಾತ್ರರಾದ ವೈದ್ಯರು ಮಾತ್ರ.

ಈ ರೋಗವನ್ನು ತಡೆಯಬಹುದೆ? ಪೂರ್ಣವಾಗಿ ಅಲ್ಲ. ಆದರೆ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಪಂಡಿತಮಂಡಲಿಯು, ನಮ್ಮ ಕೈಯಲ್ಲಿರುವ 14 ಕಾರಣಗಳನ್ನು ತಿದ್ದಿಕೊಂಡರೆ ಜಗತ್ತಿನ ನೂರರಲ್ಲಿ 45 ಪಾಲು ಡಿಮೆನ್ಷಿಯಾವನ್ನು ತಪ್ಪಿಸುವುದೋ ಮುಂದೂಡುವುದೋ ಸಾಧ್ಯವೆಂದು ಎಣಿಕೆ ಹಾಕಿತು. ರಕ್ತದೊತ್ತಡ, ಸಕ್ಕರೆ ರೋಗ, ಕೆಟ್ಟ ಕೊಬ್ಬು, ಹೊಗೆಸೊಪ್ಪು, ಮದ್ಯ, ಕಿವುಡು, ಕಣ್ಣಿನ ಮಂದತೆ, ವ್ಯಾಯಾಮವಿಲ್ಲದಿರುವುದು, ಒಂಟಿತನ ಇವು ಆ ಪಟ್ಟಿಯಲ್ಲಿವೆ. ಇವುಗಳಲ್ಲಿ ಹೆಚ್ಚಿನವು ಮನೆಯ ವೈದ್ಯರ ಕೋಣೆಯಲ್ಲಿಯೇ, ನಲವತ್ತೈವತ್ತರ ವಯಸ್ಸಿನಲ್ಲಿಯೇ ತಿದ್ದತಕ್ಕವು. ಹಲವು ಭಾಷೆಗಳ ನಮ್ಮ ಊರಿಗೆ ಸಂತೋಷವಾಗುವ ಸಂಗತಿಯೂ ಒಂದಿದೆ. ಈಗ ನಿಮ್ಹಾನ್ಸಿನಲ್ಲಿರುವ ಡಾಕ್ಟರ್ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದಂತೆ, ಎರಡು ಭಾಷೆ ಬಲ್ಲವರಿಗೆ ಒಂದೇ ಭಾಷೆ ಬಲ್ಲವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ರೋಗವು ಕಾಣಿಸಿಕೊಂಡಿತ್ತು, ಓದುಬರಹವಿಲ್ಲದವರಲ್ಲಿಯೂ ಹೀಗೆಯೇ.

ಇನ್ನು ಆ ಕೆಲಸದಾಕೆಯ ಮಾತು. ವೈದ್ಯರು ರೋಗವನ್ನು ವಿವರಿಸಿ ಮುಗಿಸಿದ ದಿನ, “ಆ ಹೆಂಗಸಿಗೆ ಹೇಳಿದಿರಾ?” ಎಂದು ಕೇಳಿದರು. ನಾವು ತಲೆ ತಗ್ಗಿಸಿದೆವು. ಮರುದಿನ ಆಕೆಯ ಮನೆಗೆ ಹೋಗಿ ಕ್ಷಮೆ ಬೇಡಿದೆವು; ಕೆಲಸ ತಪ್ಪಿದ್ದ ಇನ್ನೆರಡು ಮನೆಗಳಿಗೂ ಹೋಗಿ ನಿಜವನ್ನು ಹೇಳಿದೆವು. ಒಂದು ಮನೆಯವರು ಮರಳಿ ಕರೆದರು, ಮತ್ತೊಂದು ಮನೆಯವರು ಕರೆಯಲಿಲ್ಲ. ಆಕೆ ನಮ್ಮಲ್ಲಿಗೆ ಬರಲು ಎರಡು ತಿಂಗಳು ಹಿಡಿಯಿತು. ಬಂದ ದಿನ ಅತ್ತೆಯವರು, “ಎಷ್ಟು ದಿನವಾಯಿತೇ ನಿನ್ನನ್ನು ನೋಡಿ, ಊರಿಗೆ ಹೋಗಿದ್ದೆಯಾ?” ಎಂದು ಅಕ್ಕರೆಯಿಂದ ಕೇಳಿದರು. ಆಕೆ “ಹೂಂ ಅಮ್ಮಾವ್ರೇ, ಊರಿಗೆ ಹೋಗಿದ್ದೆ” ಎಂದಳು. ವಾದ ಮಾಡಬಾರದೆಂಬ ಪಥ್ಯವನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ನಿಮ್ಮ ಮನೆಯ ಹಿರಿಯರು ಪದೇ ಪದೇ ಮರೆಯುತ್ತಿದ್ದರೆ, ನಡೆದು ಸವೆಸಿದ ದಾರಿಯನ್ನೇ ತಪ್ಪಿದರೆ, ಹಣದ ಲೆಕ್ಕದಲ್ಲಿ ತಡವರಿಸಿದರೆ, ಇಲ್ಲದ ಕಳವನ್ನು ಹೇಳಿದರೆ, ಗಾದೆಯನ್ನು ನೆನೆಯಬೇಡಿರಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲಾ ಒಂದು ಚೀಲದಲ್ಲಿ ಹಾಕಿಕೊಳ್ಳಿರಿ. ಯಾವಾಗಿನಿಂದ ಏನೇನು ಬದಲಾಯಿತೆಂದು ಒಂದು ಕಾಗದದಲ್ಲಿ ಬರೆದುಕೊಳ್ಳಿರಿ. ನಿಮ್ಮ ಹಿರಿಯರನ್ನು ಬಹುಕಾಲದಿಂದ ಬಲ್ಲ ವೈದ್ಯರಲ್ಲಿಗೆ ಈ ವಾರವೇ ಕರೆದುಕೊಂಡು ಹೋಗಿರಿ.